ದೊಡ್ಡ ನಗರದ ಬಾಡಿಗೆ: ದುಡ್ಡು ಹೋಗುವುದು ಯಾವುದಕ್ಕೆ?

2020ರಲ್ಲಿ ಒಂದು ವಿಚಿತ್ರ ನಡೆಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಬೆಡ್‌ರೂಮ್ ಮನೆಗಳ ಬಾಡಿಗೆ ವರ್ಷದೊಳಗೆ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯಿತು. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಲ್ಲೂ ಬಾಡಿಗೆ ಕುಸಿಯಿತು. ಮನೆಗಳು ಮಾತ್ರ ಹಾಗೇ ಇದ್ದವು. ಅದೇ ಗೋಡೆ, ಅದೇ ಕಿಟಕಿ, ಅದೇ ಲಿಫ್ಟು. ಕಟ್ಟಿದ ಖರ್ಚೂ ಬದಲಾಗಿರಲಿಲ್ಲ. ಬದಲಾಗಿದ್ದು ಒಂದೇ: ಕೋವಿಡ್ ಬಂದು ಜನ ಆಫೀಸಿಗೆ ಹೋಗುವುದು ನಿಂತಿತ್ತು. ಹೋಟೆಲು, ಥಿಯೇಟರು, ಕಾಲೇಜು ಎಲ್ಲ ಬಾಗಿಲು ಹಾಕಿದ್ದವು. ಊರಿನ ನಡುಮಧ್ಯ ಇರಲೇಬೇಕು ಅನ್ನುವ ಕಾರಣವೇ ಹೋಗಿತ್ತು. ಊರು ಮತ್ತೆ ಬಾಗಿಲು ತೆರೆದ ಮೇಲೆ, 2022ರ ಹೊತ್ತಿಗೆ ಮ್ಯಾನ್‌ಹ್ಯಾಟನ್ ಬಾಡಿಗೆ ಹಳೆಯ ಮಟ್ಟವನ್ನೂ ದಾಟಿ ಮೇಲೆ ಹೋಯಿತು.

ಬಾಡಿಗೆ ಏರಿದ ಕೂಡಲೇ ನಾವು ಬೈಯುವುದು ಓನರ್‌ನ ದುರಾಸೆಯನ್ನು. ಓನರ್ ತೋರಿಸುವುದು ಬಡ್ಡಿ, ತೆರಿಗೆ, ರಿಪೇರಿ ಖರ್ಚನ್ನು. ಎರಡರಲ್ಲೂ ಸ್ವಲ್ಪ ಸ್ವಲ್ಪ ಸತ್ಯ ಇದೆ. ಆದರೆ ದುರಾಸೆಯೇ ಮೂಲ ಅನ್ನುವುದಾದರೆ, 2020ರಲ್ಲಿ ಓನರ್‌ಗಳಿಗೆಲ್ಲ ಒಟ್ಟಿಗೇ ವೈರಾಗ್ಯ ಬಂತು ಅನ್ನಬೇಕಾಗುತ್ತದೆ. ಖರ್ಚೇ ಮೂಲ ಅನ್ನುವುದಾದರೆ ಬಾಡಿಗೆ ಇಳಿಯಲೇಬಾರದಿತ್ತು. ದೊಡ್ಡ ನಗರದಲ್ಲಿ ನಾವು ತಿಂಗಳಾ ತಿಂಗಳಾ ಕೊಡುವ ದುಡ್ಡಿನಲ್ಲಿ ಗೋಡೆಗೂ ಸೂರಿಗೂ ಹೋಗುವುದು ಒಂದು ಪಾಲು. ಉಳಿದದ್ದು ಜಾಗಕ್ಕೆ. ಆ ಜಾಗದಿಂದ ಕೆಲಸ, ಸ್ಕೂಲು, ಆಸ್ಪತ್ರೆ ಎಷ್ಟು ಹತ್ತಿರ ಅನ್ನುವುದಕ್ಕೆ. ಇದೊಂದು ಗೊತ್ತಾದರೆ ಬಾಡಿಗೆಯ ಬಹಳಷ್ಟು ಒಗಟುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಈ ವಿಚಾರ ಹುಟ್ಟಿದ್ದು ಹೊಲದಲ್ಲಿ. 1800ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಧಾನ್ಯ ತುಂಬಾ ದುಬಾರಿಯಾಗಿತ್ತು. ಜಮೀನುದಾರರು ಗೇಣಿ, ಅಂದರೆ ಹೊಲದ ಬಾಡಿಗೆ, ಜಾಸ್ತಿ ಮಾಡಿದ್ದಕ್ಕೇ ಧಾನ್ಯದ ಬೆಲೆ ಏರಿದೆ ಎಂದು ಅನೇಕರು ನಂಬಿದ್ದರು. 1817ರಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಇದನ್ನು ತಿರುಗಿಸಿ ಹಾಕಿದರು. ಧಾನ್ಯಕ್ಕೆ ಒಳ್ಳೆ ಬೆಲೆ ಸಿಗುತ್ತಿದೆ, ಹಾಗಾಗಿ ಒಳ್ಳೆ ಹೊಲಕ್ಕೆ ಪೈಪೋಟಿ, ಪೈಪೋಟಿಯಿಂದ ಗೇಣಿ ಜಾಸ್ತಿ ಅಂದರು. ಕೊಟ್ಟಕೊನೆಯ ಬರಡು ಹೊಲಕ್ಕೂ ಫಲವತ್ತಾದ ಹೊಲಕ್ಕೂ ಇಳುವರಿಯಲ್ಲಿ ಎಷ್ಟು ವ್ಯತ್ಯಾಸವೋ ಅಷ್ಟೂ ಗೇಣಿಯಾಗಿ ಜಮೀನುದಾರನ ಕೈ ಸೇರುತ್ತದೆ. 1826ರಲ್ಲಿ ಜರ್ಮನಿಯ ಫಾನ್ ಟ್ಯೂನೆನ್ ಅದೇ ಲೆಕ್ಕವನ್ನು ದೂರಕ್ಕೆ ಹಚ್ಚಿದರು. ಪೇಟೆಗೆ ಹತ್ತಿರದ ಹೊಲದವನಿಗೆ ಗಾಡಿ ಬಾಡಿಗೆ ಉಳಿಯುತ್ತದೆ, ಆ ಉಳಿತಾಯ ಗೇಣಿಯಲ್ಲಿ ಕರಗಿಹೋಗುತ್ತದೆ. 1964ರಲ್ಲಿ ಅಮೆರಿಕದ ವಿಲಿಯಂ ಅಲೊನ್ಸೊ ಹೊಲದ ಬದಲು ಮನೆ, ಪೇಟೆಯ ಬದಲು ಆಫೀಸು ಇಟ್ಟು ಇಡೀ ನಗರಕ್ಕೇ ಇದನ್ನು ಹೊಂದಿಸಿದರು.

ಅಂದರೆ ನಗರದ ಅಂಚಿನಲ್ಲಿರುವ ಕೊನೆಯ ಮನೆಯಿಂದ ಲೆಕ್ಕ ಶುರುವಾಗುತ್ತದೆ. ಅಲ್ಲಿ ಜಾಗಕ್ಕೆ ಹೆಚ್ಚು ಬೆಲೆ ಇಲ್ಲ. ಬಾಡಿಗೆ ಅಂದರೆ ಸರಿಸುಮಾರು ಕಟ್ಟಡದ ಖರ್ಚು, ಜೊತೆಗೆ ಓನರ್‌ಗೆ ಒಂದಿಷ್ಟು ಲಾಭ. ಅಲ್ಲಿಂದ ಒಳಗೆ ಬಂದ ಹಾಗೆಲ್ಲ ಓಡಾಟದ ಖರ್ಚು, ಸಮಯ ಉಳಿಯುತ್ತದೆ. ಹಾಗೆ ಉಳಿದದ್ದನ್ನು ಬಾಡಿಗೆಗೆ ಸೇರಿಸಿ ಕೊಡಲು ಸಿದ್ಧ ಇರುವ ಇನ್ನೊಬ್ಬ ಯಾವಾಗಲೂ ಇದ್ದೇ ಇರುತ್ತಾನೆ. ಹಾಗಾಗಿ ನೀವೂ ಕೊಡಬೇಕಾಗುತ್ತದೆ.

ಇದನ್ನೇ ನಮ್ಮ ಜೇಬಿಗೆ ಇಳಿಸಿ ನೋಡೋಣ. ಯಾವ ದೇಶದ ದುಡ್ಡೂ ಬೇಡ. ತಿಂಗಳ ಸಂಬಳ 100 ಅಂತ ಇಟ್ಟುಕೊಳ್ಳಿ. ಹತ್ತಿರದ ಮನೆಗೆ ಬಾಡಿಗೆ 30, ಓಡಾಟದ ಖರ್ಚು 2. ದೂರದ ಮನೆಗೆ ಬಾಡಿಗೆ 20, ಓಡಾಟಕ್ಕೆ 6. ಕಾಗದದ ಮೇಲೆ ದೂರದ ಮನೆಯಲ್ಲಿ 6 ಉಳಿಯಿತು. ಬಹಳ ಜನ ಲೆಕ್ಕ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ದೂರದ ಮನೆಯಿಂದ ದಿನಕ್ಕೆ ಎರಡು ಗಂಟೆ ಜಾಸ್ತಿ ದಾರಿಯಲ್ಲೇ ಹೋಗುತ್ತದೆ ಅನ್ನಿ. ತಿಂಗಳಿಗೆ 22 ದಿನ ಕೆಲಸ ಅಂದರೆ 44 ಗಂಟೆ. ಹೆಚ್ಚುಕಡಿಮೆ ಇನ್ನೊಂದು ವಾರದ ದುಡಿಮೆ! ದಿನಕ್ಕೆ 8 ಗಂಟೆಯಂತೆ 176 ಗಂಟೆ ದುಡಿದರೆ 100 ಸಂಬಳ, ಅಂದರೆ ಗಂಟೆಗೆ 0.57. ಸಾರಿಗೆ ಲೆಕ್ಕ ಹಾಕುವವರು ಓಡಾಟದ ಸಮಯಕ್ಕೆ ಸಾಮಾನ್ಯವಾಗಿ ಸಂಬಳದ ಅರ್ಧದಷ್ಟು ಬೆಲೆ ಕಟ್ಟುತ್ತಾರೆ. ಹಾಗೆ ನೋಡಿದರೆ 44 ಗಂಟೆಗೆ 12.5. ಈಗ ದೂರದ ಮನೆಯ ನಿಜವಾದ ಬೆಲೆ 38.5, ಹತ್ತಿರದ್ದು 32. ಅಗ್ಗ ಅಂತ ಹೋದ ಮನೆಯೇ ದುಬಾರಿ.

ಅದೇ ವ್ಯಕ್ತಿ ವಾರಕ್ಕೆ ಮೂರೇ ದಿನ ಆಫೀಸಿಗೆ ಹೋದರೆ? ತಿಂಗಳಿಗೆ 13 ದಿನ ಅನ್ನೋಣ. ದೂರದ ಮನೆಗೆ ಬಾಡಿಗೆ 20, ಓಡಾಟ 3.5, ಸಮಯದ ಬೆಲೆ 7.4. ಒಟ್ಟು 31ರ ಹತ್ತಿರ. ಹತ್ತಿರದ ಮನೆಯೂ 31ರ ಆಸುಪಾಸು. ಸಮ! ಮನೆಯಿಂದ ಕೆಲಸ ಮಾಡುವುದು ಬಂದ ಮೇಲೆ ಊರ ಹೊರಗಿನ ದೊಡ್ಡ ಮನೆಗಳಿಗೆ ಯಾಕೆ ಬೇಡಿಕೆ ಬಂತು ಅನ್ನುವುದಕ್ಕೆ ಬೇರೆ ವಿವರಣೆಯೇ ಬೇಡ. ಗಂಡ ಹೆಂಡತಿ ಇಬ್ಬರೂ ಎರಡು ದಿಕ್ಕಿಗೆ ಕೆಲಸಕ್ಕೆ ಹೋಗುವ ಮನೆಯಲ್ಲಿ ಲೆಕ್ಕ ಇನ್ನೂ ಸಿಕ್ಕುಸಿಕ್ಕು. ಒಬ್ಬರಿಗೆ ಹತ್ತಿರವಾದದ್ದು ಇನ್ನೊಬ್ಬರಿಗೆ ದೂರ. ಕೊನೆಗೆ ಇಬ್ಬರಿಗೂ ಅರ್ಧ ದೂರವಾಗುವ, ಇಬ್ಬರಿಗೂ ಇಷ್ಟವಿಲ್ಲದ ಏರಿಯಾದಲ್ಲಿ ಮನೆ ಮಾಡುತ್ತಾರೆ.

ಜಾಗದ ಬೆಲೆಗೆ ಇನ್ನೊಂದು ಗುಣ ಇದೆ. ಊರಿಗೆ ಆದ ಒಳ್ಳೆಯದನ್ನೆಲ್ಲ ಅದು ನುಂಗಿಕೊಳ್ಳುತ್ತದೆ. ಹೊಸ ಮೆಟ್ರೊ ಸ್ಟೇಷನ್ ಬಂತು, ಓಡಾಟ ಸಲೀಸಾಯ್ತು, ಅಕ್ಕಪಕ್ಕದ ಬಾಡಿಗೆ ಏರಿತು. ಒಳ್ಳೆ ಪಾರ್ಕ್ ಬಂದರೂ ಅದೇ, ಒಳ್ಳೆ ಸ್ಕೂಲ್ ಬಂದರೂ ಅದೇ. ಮೆಟ್ರೊ ಕಟ್ಟಿದ್ದು ಎಲ್ಲರ ತೆರಿಗೆ ದುಡ್ಡಿನಿಂದ. ಅದರ ಲಾಭದ ದೊಡ್ಡ ಪಾಲು ಹೋಗಿದ್ದು ಸ್ಟೇಷನ್ ಪಕ್ಕದಲ್ಲಿ ಮೊದಲೇ ಜಾಗ ಇಟ್ಟುಕೊಂಡವರಿಗೆ. 1879ರಲ್ಲೇ ಅಮೆರಿಕದ ಹೆನ್ರಿ ಜಾರ್ಜ್ ಇದನ್ನು ಎತ್ತಿ ತೋರಿಸಿ, ಕಟ್ಟಡಕ್ಕೆ ಬೇಡ, ಜಾಗದ ಬೆಲೆಗೆ ತೆರಿಗೆ ಹಾಕಿ ಎಂದು ವಾದಿಸಿದರು. ಹಾಂಗ್‌ಕಾಂಗ್ ಬೇರೆ ದಾರಿ ಹಿಡಿಯಿತು. ಅಲ್ಲಿನ ಮೆಟ್ರೊ ಸಂಸ್ಥೆ ಸ್ಟೇಷನ್ ಮೇಲೆ, ಪಕ್ಕದಲ್ಲಿ ಕಟ್ಟಡ ಕಟ್ಟುವ ಹಕ್ಕನ್ನೂ ಪಡೆಯುತ್ತದೆ. ಏರಿದ ಬೆಲೆಯ ಒಂದು ಪಾಲು ಹಳಿ ಹಾಕಿದ ಸಂಸ್ಥೆಗೇ ವಾಪಸ್ ಬರುತ್ತದೆ. ನನಗಂತೂ ಇದು ನ್ಯಾಯದ ಲೆಕ್ಕವಾಗಿ ಕಾಣುತ್ತದೆ.

ಸಂಬಳ ಏರಿದರೂ ಇದೇ ಪಾಡು. ಒಂದು ಊರಿನಲ್ಲಿ ಎಲ್ಲರ ಸಂಬಳ ಒಟ್ಟಿಗೆ ಏರಿ, ಮನೆಗಳ ಸಂಖ್ಯೆ ಅಷ್ಟೇ ಇದ್ದರೆ, ಅವವೇ ಮನೆಗಳಿಗೆ ಜನ ಹೆಚ್ಚು ದುಡ್ಡು ಹಿಡಿದು ಪೈಪೋಟಿ ನಡೆಸುತ್ತಾರೆ. ದೊಡ್ಡ ಊರಿನಲ್ಲಿ ಸಂಬಳ ಜಾಸ್ತಿ ಅಂತ ಬಂದವರಿಗೆ ಆ ಜಾಸ್ತಿ ಎಲ್ಲಿ ಹೋಯಿತು ಅಂತ ಗೊತ್ತಾಗದೇ ಇರುವುದು ಇದಕ್ಕೇ. ಹಾಗಿದ್ದರೂ ಜನ ಯಾಕೆ ಬರುತ್ತಾರೆ? ಒಂದು ಕೆಲಸ ಹೋದರೆ ಇನ್ನೊಂದು ಅದೇ ಊರಲ್ಲಿ ಸಿಗುತ್ತದೆ. ಇಬ್ಬರಿಗೂ ಕೆಲಸ ಸಿಗುತ್ತದೆ. ಐದು ವರ್ಷದ ಅನುಭವ ಮುಂದೆ ಎಲ್ಲಿಗೆ ಹೋದರೂ ನಡೆಯುತ್ತದೆ. ಬಾಡಿಗೆಯಲ್ಲಿ ಇದಕ್ಕೂ ಒಂದು ಪಾಲು ಕೊಡುತ್ತಿದ್ದೇವೆ ಅಂತಲೇ ಅನ್ನಬಹುದು.

ಈಗ ಮನೆಗಳ ಸಂಖ್ಯೆಯ ವಿಷಯ. ಜಾಗದ ಬೆಲೆ ನಿಧಾನವಾಗಿ ಏರಬೇಕಾದದ್ದು ಕೆಲವು ವರ್ಷ ಹುಚ್ಚೆದ್ದು ಏರುತ್ತದಲ್ಲ, ಅದಕ್ಕೆ ಉತ್ತರ ಇಲ್ಲಿದೆ.

ಒಂದು ಏರಿಯಾದಲ್ಲಿ 100 ಮನೆ, 105 ಕುಟುಂಬ ಇವೆ ಅನ್ನಿ. ಕೊರತೆ ಬರೀ ಐದು. ಆದರೆ ಬಾಡಿಗೆ ಏರುವುದು ನೂರಕ್ಕೆ ಐದರಷ್ಟಲ್ಲ. ಐದು ಕುಟುಂಬ ತಾವಾಗಿಯೇ ಕೈಬಿಡುವ ತನಕ ಏರುತ್ತದೆ. ಯಾರು ಕೈಬಿಡುತ್ತಾರೆ? ಮೊದಲನೆಯವರು ಇನ್ನೊಬ್ಬರ ಜೊತೆ ಮನೆ ಹಂಚಿಕೊಳ್ಳುತ್ತಾರೆ. ಎರಡನೆಯವರು ಅಪ್ಪ ಅಮ್ಮನ ಮನೆಯಲ್ಲೇ ಉಳಿಯುತ್ತಾರೆ. ಮೂರನೆಯವರು ಊರಾಚೆ ಹೋಗುತ್ತಾರೆ. ಇರುವ ಮನೆ ಬಿಡುವುದು ಯಾರಿಗೂ ಸುಲಭ ಅಲ್ಲ, ಹಾಗಾಗಿ ಕೈಬಿಡುವ ಮೊದಲು ಎಲ್ಲರೂ ಹಲ್ಲು ಕಚ್ಚಿ ಇನ್ನಷ್ಟು ಕೊಡುತ್ತಾರೆ. ಐದು ಜನರನ್ನು ಹೊರಗೆ ಹಾಕಲು ಬಾಡಿಗೆ ಕಾಲು ಭಾಗ ಏರಬೇಕಾದರೆ, ಅಷ್ಟೂ ಏರುತ್ತದೆ. ಆ ಏರಿಕೆಯನ್ನು ಉಳಿದ ನೂರು ಜನವೂ ಕಟ್ಟುತ್ತಾರೆ. ಈಗ ತಿರುಗಿಸಿ. 105 ಮನೆ, 100 ಕುಟುಂಬ. ಐದು ಮನೆ ಖಾಲಿ. ಮನೆ ಖಾಲಿ ಬಿದ್ದ ಐವರು ಓನರ್‌ಗಳೂ ಪಕ್ಕದವರ ಬಾಡಿಗೆದಾರರನ್ನು ಎಳೆಯಲು ರೇಟು ಇಳಿಸುತ್ತಾರೆ. ಇರುವವರನ್ನು ಉಳಿಸಿಕೊಳ್ಳಲು ಬಾಕಿಯವರೂ ಇಳಿಸಬೇಕಾಗುತ್ತದೆ.

ಅದಕ್ಕೇ ಬಾಡಿಗೆಯ ನಾಡಿ ಹಿಡಿಯುವವರು ಖಾಲಿ ಮನೆಗಳನ್ನು ಎಣಿಸುತ್ತಾರೆ. ನ್ಯೂಯಾರ್ಕಿನಲ್ಲಿ ಬಾಡಿಗೆಗೆ ಖಾಲಿ ಇರುವ ಮನೆಗಳು ನೂರಕ್ಕೆ 5ಕ್ಕಿಂತ ಕಡಿಮೆ ಇದ್ದರೆ ಕಾನೂನಿನ ಪ್ರಕಾರ ಅದು ವಸತಿ ತುರ್ತು ಪರಿಸ್ಥಿತಿ. 2023ರ ಸರ್ವೆಯಲ್ಲಿ ಸಿಕ್ಕಿದ್ದು ನೂರಕ್ಕೆ 1.41. 1968ರಿಂದೀಚೆಗೆ ಅಷ್ಟು ಕಡಿಮೆ ಇದ್ದದ್ದೇ ಇಲ್ಲ. ಅಂಥ ಊರಿನಲ್ಲಿ ಬಾಡಿಗೆದಾರನ ಮಾತಿಗೆ ತೂಕ ಎಲ್ಲಿಂದ ಬರಬೇಕು? ಅವನು ಬೇಡ ಅಂದರೆ ಹಿಂದೆ ಹತ್ತು ಜನ ಸಾಲುಗಟ್ಟಿ ನಿಂತಿದ್ದಾರೆ. ದುರಾಸೆ ಎಲ್ಲ ಊರಲ್ಲೂ ಒಂದೇ ಸಮ ಇರುತ್ತದೆ. ಅದು ನಡೆಯುವುದು ಮಾತ್ರ ಮನೆ ಕಡಿಮೆ ಇರುವಲ್ಲಿ.

ಖಾಲಿ ಬಿಟ್ಟ ಮನೆಗಳು, ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡುವ ಮನೆಗಳು ಈ ಕೊರತೆಗೆ ಇನ್ನಷ್ಟು ಸೇರಿಸುತ್ತವೆ. ಕೆನಡಾದ ವ್ಯಾಂಕೂವರ್ 2017ರಿಂದ ಸುಮ್ನೆ ಬೀಗ ಹಾಕಿಟ್ಟ ಮನೆಗಳ ಮೇಲೆ ತೆರಿಗೆ ಹಾಕುತ್ತಿದೆ. ಬೆಲೆಯ ನೂರಕ್ಕೆ 1ರಿಂದ ಶುರುವಾದದ್ದು ಆಮೇಲೆ 3ಕ್ಕೆ ಏರಿತು. ಬಾರ್ಸಿಲೋನಾ 2028ರ ನವೆಂಬರ್ ಹೊತ್ತಿಗೆ ಪ್ರವಾಸಿ ಫ್ಲ್ಯಾಟ್‌ಗಳ ಲೈಸೆನ್ಸ್ ಎಲ್ಲ ನಿಲ್ಲಿಸುವುದಾಗಿ 2024ರಲ್ಲಿ ಹೇಳಿತು. ಅಲ್ಲಿ ಅಂಥ ಫ್ಲ್ಯಾಟ್ 10,101 ಇದ್ದವು. ಇಂಥ ಕ್ರಮಗಳಿಂದ ಒಂದಷ್ಟು ಮನೆ ಪೇಟೆಗೆ ವಾಪಸ್ ಬರುತ್ತವೆ, ನಿಜ. ಆದರೆ ವರ್ಷ ವರ್ಷ ಜನ ಬಂದು ಸೇರುತ್ತಲೇ ಇರುವ ಊರಿಗೆ ಇದು ಒಂದೇ ಸಲ ಸಿಗುವ ಲಾಭ.

ಹೊಸ ಮನೆ ಕಟ್ಟುವ ಮಾತು ಬಂದರೆ ಒಂದು ಆಕ್ಷೇಪ ಗ್ಯಾರಂಟಿ ಕೇಳಿಸುತ್ತದೆ: 'ಕಟ್ಟುತ್ತಿರುವುದೆಲ್ಲ ಶ್ರೀಮಂತರಿಗೆ. ನಮಗೇನು ಬಂತು?' ಕಣ್ಣಿಗೆ ಕಾಣುವುದು ಹಾಗೇ. ಹೊಸದಾಗಿ ಕಟ್ಟಿದ ಮನೆ ಯಾವಾಗಲೂ ದುಬಾರಿ. ಆದರೆ ಅಲ್ಲಿಗೆ ಹೋದ ಕುಟುಂಬ ಹಿಂದೆ ಇದ್ದ ಮನೆ ಖಾಲಿಯಾಗುತ್ತದಲ್ವಾ? ಅದಕ್ಕೆ ಇನ್ನೊಬ್ಬರು ಬರುತ್ತಾರೆ, ಅವರದ್ದು ಖಾಲಿಯಾಗುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಮನೆ ಬದಲಾಯಿಸಿದರು ಅನ್ನುವ ಸರ್ಕಾರಿ ದಾಖಲೆ ಹಿಡಿದು ಈ ಸರಪಳಿಯನ್ನು ಎಣಿಸಿದ್ದಾರೆ. ಊರ ನಡುವೆ ಕಟ್ಟಿದ ಪ್ರತಿ 100 ದುಬಾರಿ ಮನೆಗೆ, ಆದಾಯದಲ್ಲಿ ಕೆಳಗಿನ ಅರ್ಧಕ್ಕೆ ಸೇರುವ ಏರಿಯಾಗಳಲ್ಲಿ ಸುಮಾರು 60 ಮನೆ ಖಾಲಿಯಾದವು. ಅದರಲ್ಲೂ ತೀರಾ ಬಡ ಏರಿಯಾಗಳಲ್ಲಿ 29. ಇದೆಲ್ಲ ಎರಡೇ ವರ್ಷದಲ್ಲಿ. ಅಮೆರಿಕದ ಆಸ್ಟಿನ್‌ನಲ್ಲಿ 2022ರ ಹೊತ್ತಿಗೆ ಬಾಡಿಗೆ ಆಕಾಶ ಮುಟ್ಟಿತ್ತು. ಆಗಲೇ ಶುರುವಾಗಿದ್ದ ಸಾವಿರಾರು ಫ್ಲ್ಯಾಟ್‌ಗಳು ಒಂದೊಂದಾಗಿ ಮುಗಿದು ಪೇಟೆಗೆ ಬಂದಂತೆ ಬಾಡಿಗೆ ನೂರಕ್ಕೆ 10ಕ್ಕಿಂತ ಜಾಸ್ತಿ ಇಳಿಯಿತು. ಜನ ಊರು ಬಿಟ್ಟು ಹೋಗಿರಲಿಲ್ಲ, ಇನ್ನೂ ಬರುತ್ತಲೇ ಇದ್ದರು.

ತೊಂದರೆ ಇರುವುದು ವೇಗದಲ್ಲಿ. ಒಂದು ದೊಡ್ಡ ಕಂಪನಿ ಆಫೀಸ್ ತೆರೆದರೆ ಆರು ತಿಂಗಳಲ್ಲಿ ಸಾವಿರಾರು ಜನ ಬರುತ್ತಾರೆ. ಜಾಗ ಹುಡುಕಿ, ಪ್ಲಾನ್ ಪಾಸಾಗಿ, ಸಾಲ ಸಿಕ್ಕಿ, ಕಟ್ಟಡ ಎದ್ದು, ನೀರು ಕರೆಂಟು ಬರಲು ವರ್ಷಗಳೇ ಬೇಕು. ನಡುವಿನ ಅಷ್ಟೂ ಕಾಲ ಇರುವ ಮನೆಗಳಿಗೇ ಕಿತ್ತಾಟ. ಇಷ್ಟು ಮಹಡಿ ಮಾತ್ರ, ಇಷ್ಟು ಪಾರ್ಕಿಂಗ್ ಕಡ್ಡಾಯ ಅನ್ನುವ ನಿಯಮಗಳು ಆ ಕಾಲವನ್ನು ಇನ್ನಷ್ಟು ಉದ್ದ ಮಾಡುತ್ತವೆ. ಆಗಲೇ ಸ್ವಂತ ಮನೆ ಇರುವವರಿಗೆ ಪಕ್ಕದಲ್ಲಿ ಎತ್ತರದ ಕಟ್ಟಡ ಬೇಡ. ಆ ಕಟ್ಟಡದಲ್ಲಿ ಮುಂದೆ ಬಾಡಿಗೆಗೆ ಬರಬೇಕಾದವರು ಇನ್ನೂ ಆ ಏರಿಯಾದಲ್ಲೇ ಇಲ್ಲ, ಅವರ ಪರ ಮಾತಾಡುವವರೂ ಇಲ್ಲ. ಮೀಟಿಂಗಿನಲ್ಲಿ ಯಾರ ದನಿ ಗೆಲ್ಲುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಚಿಕ್ಕ ಮನೆ ಹುಡುಕುವವರಿಗೆ ಇನ್ನೊಂದು ಒಗಟು ಎದುರಾಗುತ್ತದೆ. ಮನೆ ಅರ್ಧ ಇದ್ದರೆ ಬಾಡಿಗೆ ಅರ್ಧ ಇರುವುದಿಲ್ಲ. ಚದರಡಿ ಲೆಕ್ಕದಲ್ಲಿ ಚಿಕ್ಕ ಮನೆಯೇ ದುಬಾರಿ. ಕಾರಣ ಸರಳ. ಕಟ್ಟಡದಲ್ಲಿ ಜಾಸ್ತಿ ಖರ್ಚು ಹಿಡಿಯುವುದು ಅಡುಗೆಮನೆ ಮತ್ತು ಬಚ್ಚಲು: ಪೈಪು, ಟೈಲ್ಸು, ವೈರಿಂಗು. ಅವು ಒಂದು ರೂಮಿನ ಮನೆಗೂ ಒಂದೊಂದು ಬೇಕು, ಮೂರು ರೂಮಿನ ಮನೆಗೂ ಬಹುತೇಕ ಅಷ್ಟೇ. ಮೇಲಾಗಿ ಒಟ್ಟು ಬಾಡಿಗೆ ಕಡಿಮೆ ಇರುವ ಮನೆಗೆ ಕೈಚಾಚುವವರೂ ಜಾಸ್ತಿ. ಮೂರು ರೂಮಿನ ಮನೆಯನ್ನು ಮೂವರು ಹಂಚಿಕೊಂಡರೆ ತಲೆಗೆ ಬೀಳುವ ಬಾಡಿಗೆ ಇಳಿಯುವುದು ಇದರಿಂದಲೇ. ಅದಕ್ಕೆ ಇನ್ನೊಂದು ಮುಖವೂ ಇದೆ. ಮೂವರು ದುಡಿಯುವವರು ಸೇರಿ ಕೊಡಬಲ್ಲಷ್ಟನ್ನು ಒಬ್ಬರೇ ದುಡಿಯುವ ಸಂಸಾರ ಕೊಡಲಾರದು. ದೊಡ್ಡ ಮನೆಗಳು ಸಂಸಾರಸ್ಥರ ಕೈ ತಪ್ಪಿ ಹೋಗುತ್ತವೆ.

ಬಾಡಿಗೆ ಅಂತ ಬರೆದ ಅಂಕಿಯ ಹಿಂದೆ ಅಡಗಿರುವ ದುಡ್ಡನ್ನೂ ನೋಡಬೇಕು. ಅಡ್ವಾನ್ಸ್ ವಾಪಸ್ ಬರುವ ದುಡ್ಡು ತಾನೇ ಅಂತ ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಆ ದುಡ್ಡು ನಮ್ಮ ಹತ್ತಿರವೇ ಇದ್ದಿದ್ದರೆ ಬಡ್ಡಿ ಬರುತ್ತಿತ್ತು. ವರ್ಷಕ್ಕೆ ನೂರಕ್ಕೆ 6 ಬಡ್ಡಿ ಅಂದುಕೊಂಡರೆ, ಒಂದು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಟ್ಟಾಗ ಬಾಡಿಗೆ ಅರ್ಧ ಪರ್ಸೆಂಟ್ ಏರಿದ ಹಾಗೆ. ಎರಡು ತಿಂಗಳದ್ದಾದರೆ ಒಂದು ಪರ್ಸೆಂಟ್. ಹತ್ತು ತಿಂಗಳದ್ದಾದರೆ ಐದು. ಆ ದುಡ್ಡನ್ನು ಸಾಲ ಮಾಡಿ ತಂದಿದ್ದರೆ ಇನ್ನೂ ಜಾಸ್ತಿ. ದಕ್ಷಿಣ ಕೊರಿಯಾದ 'ಜೊನ್ಸೆ' ಪದ್ಧತಿಯಲ್ಲಿ ಇದು ತುದಿ ಮುಟ್ಟಿದೆ. ಮನೆಯ ಬೆಲೆಯ ಅರ್ಧಕ್ಕಿಂತ ಜಾಸ್ತಿಯನ್ನೇ ಒಟ್ಟಿಗೆ ಕೊಟ್ಟುಬಿಟ್ಟರೆ ತಿಂಗಳ ಬಾಡಿಗೆಯೇ ಇಲ್ಲ. ಅಗ್ರಿಮೆಂಟ್ ಮುಗಿದಾಗ ಅಷ್ಟೂ ವಾಪಸ್. ಬಿಟ್ಟಿ ಅಲ್ಲ, ಬಡ್ಡಿಯೇ ಬಾಡಿಗೆ.

ಬ್ರೋಕರ್ ಕಮಿಷನ್, ಸಾಮಾನು ಸಾಗಿಸುವ ಖರ್ಚು ಇವೆಲ್ಲ ಎಷ್ಟು ಕಾಲ ಇರುತ್ತೀರಿ ಅನ್ನುವುದರ ಮೇಲೆ ನಿಂತಿವೆ. ಒಂದು ತಿಂಗಳ ಬಾಡಿಗೆಯಷ್ಟು ಕಮಿಷನ್ ಕೊಟ್ಟು ಹನ್ನೊಂದು ತಿಂಗಳಿಗೇ ಬಿಟ್ಟರೆ ಬಾಡಿಗೆ ನೂರಕ್ಕೆ 9 ಏರಿದ ಹಾಗಾಯಿತು. ಐದು ವರ್ಷ ಇದ್ದರೆ ನೂರಕ್ಕೆ 2 ಕೂಡ ಇಲ್ಲ. ಪದೇ ಪದೇ ಮನೆ ಬದಲಾಯಿಸಬೇಕಾದ ಕೆಲಸದವರು ಅದೇ ಮನೆಗೆ ಹೆಚ್ಚು ಬಾಡಿಗೆ ಕಟ್ಟುತ್ತಿದ್ದಾರೆ, ಅಷ್ಟೇ. ಇದನ್ನು ಕಂಡೇ ಕೆಲವು ದೇಶಗಳು ಕೈ ಹಾಕಿವೆ. ಜರ್ಮನಿಯಲ್ಲಿ 2015ರಿಂದ ಬ್ರೋಕರನ್ನು ಯಾರು ಕರೆಸಿದರೋ ಅವರೇ ದುಡ್ಡು ಕೊಡಬೇಕು. ಇಂಗ್ಲೆಂಡಿನಲ್ಲಿ 2019ರಿಂದ ಬಾಡಿಗೆದಾರನ ಮೇಲೆ ಹೇರುತ್ತಿದ್ದ ಹೆಚ್ಚಿನ ಫೀಗಳು ಬಂದ್ ಆದವು. ಸಾಮಾನ್ಯ ಬಾಡಿಗೆ ಮನೆಗಳಿಗೆ ಅಡ್ವಾನ್ಸ್ ಐದು ವಾರದ ಬಾಡಿಗೆ ಮೀರುವಂತಿಲ್ಲ.

ಸಂಬಳದಲ್ಲಿ ಎಷ್ಟು ಪಾಲು ಬಾಡಿಗೆಗೆ ಹೋಗಬಹುದು? 'ನೂರಕ್ಕೆ 30 ದಾಟಬಾರದು' ಅನ್ನುವ ಮಾತು ಎಲ್ಲ ಕಡೆ ಕೇಳಿಸುತ್ತದೆ. ಯಾವುದೋ ಅಳೆದು ತೂಗಿದ ಸಂಶೋಧನೆಯಿಂದ ಬಂದದ್ದು ಅನ್ನಿಸಬಹುದು. ಹಾಗೇನಿಲ್ಲ. 1969ರಲ್ಲಿ ಅಮೆರಿಕದ ಸರ್ಕಾರಿ ವಸತಿಯಲ್ಲಿರುವ ಬಡವರ ಬಾಡಿಗೆ ಅವರ ಆದಾಯದ ನೂರಕ್ಕೆ 25 ಮೀರಬಾರದು ಎಂದು ಕಾನೂನು ಬಂತು. 1981ರಲ್ಲಿ ಅದನ್ನು 30ಕ್ಕೆ ಏರಿಸಿದರು. ಅದೇ ಅಂಕಿ ಪ್ರಪಂಚ ಸುತ್ತಿತು. ನನ್ನ ಪ್ರಕಾರ ಅದಕ್ಕೆ ಅಷ್ಟು ಮರ್ಯಾದೆ ಕೊಡಬೇಕಾಗಿಲ್ಲ. ಸಂಬಳ 100 ಇರುವವನು 30 ಕೊಟ್ಟರೆ ಉಳಿಯುವುದು 70. ಸಂಬಳ 400 ಇರುವವನು 30 ಪರ್ಸೆಂಟ್ ಕೊಟ್ಟರೂ 280 ಉಳಿಯುತ್ತದೆ. ಊಟ, ಔಷಧಿ, ಬಸ್ ಚಾರ್ಜು ಅವನಿಗೆ ನಾಲ್ಕು ಪಟ್ಟು ಆಗುವುದಿಲ್ಲ. ಹಾಗಾಗಿ ಎಷ್ಟು ಪಾಲು ಹೋಯಿತು ಅಂತ ನೋಡುವುದಕ್ಕಿಂತ, ಬಾಡಿಗೆ ಮತ್ತು ಓಡಾಟ ಎರಡೂ ಕಳೆದು ಕೈಯಲ್ಲಿ ಎಷ್ಟು ಉಳಿಯಿತು, ಅದರಲ್ಲಿ ತಿಂಗಳು ನಡೆಯುತ್ತದಾ ಅಂತ ನೋಡುವುದು ಮೇಲು.

ಬಾಡಿಗೆಗೆ ಸರ್ಕಾರ ಮಿತಿ ಹಾಕಬಾರದೇ? ಹಾಕಿದವರ ಅನುಭವ ಕಣ್ಣ ಮುಂದಿದೆ, ಅದು ಎರಡೂ ಕಡೆಯವರಿಗೆ ಪೂರ್ತಿ ಹಿಡಿಸುವಂಥದ್ದಲ್ಲ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮತದಾರರು 1980ಕ್ಕಿಂತ ಹಿಂದೆ ಕಟ್ಟಿದ ಚಿಕ್ಕ ಕಟ್ಟಡಗಳಿಗೂ ಬಾಡಿಗೆ ನಿಯಂತ್ರಣ ತಂದರು. ಅಲ್ಲಿ ಆಗಲೇ ಇದ್ದವರಿಗೆ ನಿಜವಾಗಿಯೂ ಅನುಕೂಲವಾಯಿತು. ಊರು ಬಿಡಬೇಕಾಗಿದ್ದವರು ಉಳಿದರು. ಆದರೆ ಓನರ್‌ಗಳು ಸುಮ್ಮನೆ ಕೂರಲಿಲ್ಲ. ಮನೆಗಳನ್ನು ಮಾರಿದರು, ಕೆಡವಿ ಬೇರೆ ಕಟ್ಟಿದರು. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞರು 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಿಯಂತ್ರಣಕ್ಕೆ ಬಂದ ಓನರ್‌ಗಳು ಬಾಡಿಗೆಗೆ ಕೊಡುವ ಮನೆಗಳು ನೂರಕ್ಕೆ 15 ಕಡಿಮೆಯಾದವು. ಇಡೀ ಊರಿನ ಬಾಡಿಗೆ ನೂರಕ್ಕೆ 5ರಷ್ಟು ಏರಿತು. ಬರ್ಲಿನ್ 2020ರ ಫೆಬ್ರವರಿಯಲ್ಲಿ 2014ಕ್ಕಿಂತ ಹಳೆಯ ಮನೆಗಳ ಬಾಡಿಗೆಯನ್ನು 2019ರ ಮಟ್ಟದಲ್ಲೇ ನಿಲ್ಲಿಸಿತು. ಬಾಡಿಗೆ ನಿಂತಿತು, ಜೊತೆಗೆ ಬಾಡಿಗೆಗೆ ಸಿಗುವ ಮನೆಗಳ ಜಾಹೀರಾತೂ ಇಳಿದುಹೋಯಿತು. 2021ರ ಏಪ್ರಿಲ್‌ನಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ, ಇಂಥ ಕಾನೂನು ಮಾಡುವ ಅಧಿಕಾರ ನಗರಕ್ಕಿಲ್ಲ ಎಂದು ಅದನ್ನು ರದ್ದು ಮಾಡಿತು.

ಹಾಗಂತ ಮಿತಿಯೇ ಬೇಡ ಅನ್ನುವವರ ಜೊತೆ ನಾನಿಲ್ಲ. ಮಕ್ಕಳು ಅದೇ ಏರಿಯಾದ ಸ್ಕೂಲಿಗೆ ಹೋಗುವ ಸಂಸಾರಕ್ಕೆ ಒಂದೇ ಸಲ ಮೂರನೇ ಒಂದು ಪಾಲು ಬಾಡಿಗೆ ಏರಿಸಿದರೆ, ಅದು ಪೇಟೆಯ ಬೆಲೆ ಅನ್ನುವುದಕ್ಕಿಂತ ಅವರ ಅಸಹಾಯಕತೆಗೆ ಹಾಕಿದ ಬೆಲೆ. ಅಮೆರಿಕದ ಒರೆಗಾನ್ ರಾಜ್ಯ 2019ರಲ್ಲಿ ನಡುದಾರಿ ಹುಡುಕಿತು. ವರ್ಷಕ್ಕೆ ಹಣದುಬ್ಬರದ ಮೇಲೆ ನೂರಕ್ಕೆ 7ರವರೆಗೆ ಏರಿಸಬಹುದು. ಕಟ್ಟಿ 15 ವರ್ಷ ಆಗದ ಮನೆಗಳಿಗೆ ಮಿತಿ ಇಲ್ಲ. ಇರುವವರಿಗೆ ಏಕಾಏಕಿ ಏಟು ಬೀಳುವುದಿಲ್ಲ, ಹೊಸದಾಗಿ ಕಟ್ಟುವವರೂ ಹೆದರುವುದಿಲ್ಲ. 2023ರಲ್ಲಿ, ಏನೇ ಆದರೂ ನೂರಕ್ಕೆ 10 ದಾಟಬಾರದು ಎಂದು ಇನ್ನೊಂದು ಗೆರೆ ಎಳೆದರು.

ಇದೆಲ್ಲಕ್ಕಿಂತ ಬೇರೆಯೇ ದಾರಿ ಆಸ್ಟ್ರಿಯಾದ ವಿಯೆನ್ನಾದ್ದು. ಮೊದಲ ಮಹಾಯುದ್ಧದ ನಂತರ ಅಲ್ಲಿ ವಸತಿ ಹಾಹಾಕಾರ. 1923ರಲ್ಲಿ ನಗರಸಭೆ ವಸತಿ ತೆರಿಗೆ ತಂದಿತು. ಸಾಮಾನ್ಯ ಮನೆಗೆ ಅತಿ ಕಡಿಮೆ, ಬಂಗಲೆಗಳಿಗೆ ಭಾರೀ ತೆರಿಗೆ. ಆ ದುಡ್ಡಿನಲ್ಲಿ 1934ರೊಳಗೆ 60,000ಕ್ಕೂ ಹೆಚ್ಚು ಮನೆ ಕಟ್ಟಿದರು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್ ಮಾರ್ಕ್ಸ್ ಹೋಫ್ ಅನ್ನುವ ವಸತಿ ಕಟ್ಟಡ ಒಂದರಲ್ಲೇ 1,382 ಮನೆ. ಕಟ್ಟಡ ಒಂದು ಕಿಲೋಮೀಟರಿಗಿಂತ ಉದ್ದ. ಇವತ್ತಿಗೂ ಆ ಊರಿನ ಸುಮಾರು ಅರ್ಧ ಜನ ನಗರಸಭೆಯ ಅಥವಾ ಸಹಾಯಧನ ಪಡೆದ ಮನೆಗಳಲ್ಲಿದ್ದಾರೆ. ಖಾಸಗಿ ಓನರ್ ಮನಸ್ಸಿಗೆ ಬಂದಷ್ಟು ಕೇಳಲಾರ, ಯಾಕೆಂದರೆ ಬಾಡಿಗೆದಾರನಿಗೆ ಹೋಗಲು ಬೇರೆ ಜಾಗ ಇದೆ. ಮತ್ತೆ ಅದೇ 105 ಮನೆಯ ಲೆಕ್ಕ. ಆದರೆ ಇದು ನೂರು ವರ್ಷದ ಕೂಸು. ಒಂದು ಚುನಾವಣೆಯಿಂದ ಇನ್ನೊಂದು ಚುನಾವಣೆಯೊಳಗೆ ಕಟ್ಟಿ ಮುಗಿಸುವಂಥದ್ದಲ್ಲ.

ಕೊನೆಗೆ ನಮ್ಮ ಕೈಯಲ್ಲಿರುವ ಒಂದು ವಿಷಯ: ಅಗ್ರಿಮೆಂಟ್ ಮುಗಿದಾಗ ಬರುವ ಏರಿಕೆಯ ಮಾತು. ಇಲ್ಲಿ ಓನರ್ ಲೆಕ್ಕವನ್ನು ನಾವೇ ಹಾಕಿ ನೋಡಬೇಕು. ಈಗಿನ ಬಾಡಿಗೆ 20. ಓನರ್ 22 ಕೇಳುತ್ತಿದ್ದಾರೆ. ನೀವು ಒಪ್ಪಿದರೆ ವರ್ಷಕ್ಕೆ ಅವರಿಗೆ 264. ನೀವು ಬಿಟ್ಟು ಹೋಗಿ ಮನೆ ಒಂದು ತಿಂಗಳು ಖಾಲಿ ಇದ್ದು, ಆಮೇಲೆ 22ಕ್ಕೇ ಹೋದರೂ ಅವರ ಕೈಗೆ ಬರುವುದು 242. ಸುಣ್ಣ ಬಣ್ಣ, ಕಮಿಷನ್ ಇದ್ದರೆ ಅದರಲ್ಲೂ ಕಳೆಯಬೇಕು. ನೀವು 21 ಕೊಡುತ್ತೇನೆ ಅಂದರೆ 252. ಹೊಸಬರು ಹೇಗೋ ಏನೋ ಅನ್ನುವ ಆತಂಕವೂ ಇಲ್ಲ. ಒಂದು ತಿಂಗಳು ಖಾಲಿ ಅಂದರೆ ವರ್ಷದ ಬಾಡಿಗೆಯಲ್ಲಿ ನೂರಕ್ಕೆ 8ಕ್ಕಿಂತ ಜಾಸ್ತಿ ಹೋದ ಹಾಗೆ. ಬಹಳ ಓನರ್‌ಗಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವರಿಗೆ ಗೊತ್ತಿರುತ್ತದೆ. ಒಂದೆರಡು ಮನೆ ಇಟ್ಟುಕೊಂಡು ಬಾಡಿಗೆಯಲ್ಲೇ ಕಂತು ಕಟ್ಟುವವರಿಗಂತೂ ಚೆನ್ನಾಗಿ ಗೊತ್ತು. ನೂರಾರು ಫ್ಲ್ಯಾಟ್ ಇರುವ ಕಂಪನಿ ಆದರೆ ಮಾತು ಬೇರೆ. ಒಂದು ಖಾಲಿ ಬಿದ್ದರೆ ಅವರಿಗೆ ನಿದ್ದೆ ಕೆಡುವುದಿಲ್ಲ.

ಈ ಲೆಕ್ಕ ನಿಲ್ಲುವುದು ನೀವು ಹೇಳುವ ಬಾಡಿಗೆ ಪೇಟೆಯ ರೇಟಿಗೆ ತೀರಾ ದೂರ ಇಲ್ಲದಿದ್ದಾಗ ಮಾತ್ರ. ಪಕ್ಕದ ಅಂಥದ್ದೇ ಮನೆ 28ಕ್ಕೆ ಹೋಗುತ್ತಿದ್ದರೆ, ಒಂದು ತಿಂಗಳು ಖಾಲಿ ಬಿಟ್ಟರೂ ಓನರ್‌ಗೆ 308 ಬರುತ್ತದೆ. ಆಗ ನಿಮ್ಮ 21ಕ್ಕೆ ಬೆಲೆ ಇಲ್ಲ. ಹಾಗಾಗಿ ಮಾತಿಗೆ ಕೂರುವ ಮೊದಲು ಸುತ್ತಮುತ್ತ ನಾಲ್ಕು ಮನೆ ನೋಡಿಕೊಂಡು ಬನ್ನಿ. ಬಾಡಿಗೆ ಎಷ್ಟು ಅಂತ ಕೇಳಿ. ಅದರ ಜೊತೆಗೆ, ಮನೆ ಎಷ್ಟು ದಿನದಿಂದ ಖಾಲಿ ಇದೆ ಅಂತಲೂ ಕೇಳಿ.